ಗುಮಾಸ್ತನ ಎಲೆ-ಅಡಿಕೆ

ಲಿಂಗಸುಗೂರಿನ ಕಾಲೇಜಿನಲ್ಲಿ ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಗ ಮುಂದೇನು ಮಾಡಬೇಕೆಂದು ಹೇಳಲು ಯಾರೋ ಒಬ್ಬ ಸರ್ ಬಂದಿದ್ದರು. ಬೋರ್ಡಿನ ಮೇಲೆ ದೊಡ್ಡ ಮರ ಬರೆದು ಒಂದೊಂದು ಕೊಂಬೆಗೂ ಹೆಸರಿಟ್ಟರು: ಬ್ಯಾಂಕು, ಆಡಿಟ್, ಟ್ಯಾಕ್ಸ್, ವಿಮೆ, ಷೇರು ಮಾರುಕಟ್ಟೆ. ನಿಮಗೆ ದಾರಿಗಳ ಬರವೇ ಇಲ್ಲ ಎಂದರು. ನಾವು ಚಪ್ಪಾಳೆ ತಟ್ಟಿದೆವು. ಆ ಮರದ ಒಂದು ಕೊಂಬೆಯೂ ನಮ್ಮ ಮಸ್ಕಿಯ ತನಕ ಚಾಚಿಲ್ಲ ಎಂಬುದು ತಿಳಿಯಲು ಎರಡು ವರ್ಷ ಹಿಡಿಯಿತು.

ಬ್ಯಾಂಕಿನ ಪರೀಕ್ಷೆಗಳನ್ನು ಬರೆದೆ. ಪ್ರತಿ ಸಲವೂ ಸ್ವಲ್ಪದರಲ್ಲೇ ತಪ್ಪಿತು. ಸಿಂಧನೂರಿನ ಆಡಿಟರೊಬ್ಬರು, "ಮೊದ್ಲ ಕೆಲಸ ಕಲಿಯವ್ವ, ಪಗಾರದ ಮಾತು ಆಮ್ಯಾಲ" ಎಂದರು. ಕಲಿತೆ. ಆ 'ಆಮ್ಯಾಲ' ಬರಲೇ ಇಲ್ಲ. ವಿಮೆಯವರು, ಮೊದಲು ನಿನ್ನ ಬಂಧುಬಳಗಕ್ಕೆ ಪಾಲಿಸಿ ಮಾಡಿಸು ಎಂದರು. ನಮ್ಮ ಬಳಗದವರು ಅಷ್ಟು ಗಟ್ಟಿ ಇದ್ದಿದ್ದರೆ ಅವರ ಮನೆಗೇ ಕೆಲಸ ಕೇಳಿಕೊಂಡು ಹೋಗುತ್ತಿದ್ದೆ. ಓಣಿಯ ಸುಲ್ತಾನಾ ಖಾಲಾ ನಳದ ಹತ್ತಿರ ಸಿಕ್ಕಾಗಲೆಲ್ಲ, "ಕೌಸರ್, ಇನ್ನಾ ಮನ್ಯಾಗ ಅದಿ ಏನ ಬೇ?" ಎನ್ನುತ್ತಿದ್ದಳು. ತುಂಬಿದ ಕೊಡ ಎತ್ತಿ ಅವಳ ತಲೆಯ ಮೇಲೇ ಸುರಿಯಬೇಕು ಅನ್ನಿಸುತ್ತಿತ್ತು.

ನಮ್ಮ ಅಬ್ಬಾ ಜಿಲಾನಿಸಾಬ್ ಸಿಂಧನೂರಿನ ಭತ್ತದ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತ. ನಾನು ಹುಟ್ಟುವ ಮೊದಲಿನಿಂದಲೂ ಮಸ್ಕಿಯಲ್ಲಿ ಬೆಳಗಿನ ಬಸ್ಸು ಹಿಡಿದು ಹೋಗಿ, ದಿನದ ಲೆಕ್ಕದ ಕಿರ್ದಿ ಬರೆದು, ಸಂಜೆ ಮೈಗೆಲ್ಲ ಭತ್ತದ ಧೂಳು ಮೆತ್ತಿಕೊಂಡು ಬರುವವನು. ಕಳೆದ ಬೇಸಿಗೆಯಲ್ಲಿ ಒಂದು ಸಂಜೆ ಮುಖ ತೊಳೆಯುತ್ತಲೇ ಹೇಳಿದ:

"ಸಾವ್ಕಾರ್ರು ಕಂಪ್ಯೂಟರ್ ತರಿಸ್ಯಾರ. ನನಗ ಅದರ ಹಣೆಬರಹ ತಿಳಿಯವಲ್ದು. ನೀ ಟ್ಯಾಲಿ ಕಲ್ತಾಕಿ, ನಾಕು ದಿನ ಬಂದು ಕೈ ಹಚ್ಚು ಬೇಟಾ. ನಿನ್ನ ಪಗಾರದ ಮಾತು ದೀಪಾವಳಿಗೆ ಆಡೂಣು ಅಂದಾರ."

ನಾಲ್ಕು ದಿನ ಎಂದದ್ದು ದೀಪಾವಳಿಯ ತನಕ ಎಳೆಯಿತು. ವಳಕಮದಿನ್ನಿಯ ಯಾವ ರೈತನ ಭತ್ತ ಯಾರ ಹೆಸರಿನಲ್ಲಿ ಬರುತ್ತದೆ, ಯಾರ ಹತ್ತಿರ ಹಮಾಲಿ ಕೂಲಿ ಹಿಡಿಯಬೇಕು, ಯಾರ ಹತ್ತಿರ ಬಿಡಬೇಕು ಎಂದೆಲ್ಲ ಅಬ್ಬಾ ಪಕ್ಕದಲ್ಲಿ ಕುಳಿತು ಹೇಳುತ್ತಿದ್ದ. ನಾನು ಕಂಪ್ಯೂಟರಿಗೆ ಹಾಕುತ್ತಿದ್ದೆ. ಸಂಜೆಯ ತನಕ ಹಿಡಿಯುತ್ತಿದ್ದ ಕೆಲಸ ಮಧ್ಯಾಹ್ನದ ಚಹಾದ ಹೊತ್ತಿಗೆ ಮುಗಿಯತೊಡಗಿತು. ಅಂಗಡಿಗೆ ಬಂದವರಿಗೆಲ್ಲ ಅಬ್ಬಾ, "ನನ್ನ ಮಗಳ್ರೀ, ಬಿ.ಕಾಂ. ಆಗ್ಯಾಳ" ಎಂದು ತೋರಿಸುತ್ತಿದ್ದ. ನಾನೂ ಹಿಗ್ಗುತ್ತಿದ್ದೆ. ಕೆಲಸ ಮುಗಿದ ಮೇಲೆ ಸುಮ್ಮನೆ ಕುಳಿತ ಇಬ್ಬರನ್ನು ಸಾವ್ಕಾರರು ಗದ್ದಿಗೆಯಿಂದ ನೋಡುತ್ತಿದ್ದರು. ಅದರ ಅರ್ಥ ಮಾತ್ರ ನನಗೆ ಹೊಳೆಯಲಿಲ್ಲ. ಓದಿದ ದಡ್ಡಿ ನಾನು.

ಆ ಅಂಗಡಿಯಲ್ಲಿ ಒಂದು ರೂಢಿ ಉಂಟು. ದೀಪಾವಳಿ ಅಮಾವಾಸ್ಯೆಯ ಲಕ್ಷ್ಮೀಪೂಜೆ ಮುಗಿದ ಮೇಲೆ ಸಾವ್ಕಾರರು ಗುಮಾಸ್ತನನ್ನು ಹೆಸರು ಹಿಡಿದು ಕರೆದು ಎಲೆ-ಅಡಿಕೆ ಮತ್ತು ಹೊಸ ಟವೆಲ್ ಕೊಡುತ್ತಾರೆ. ಕರೆಸಿಕೊಂಡವನು ಮುಂದಿನ ದೀಪಾವಳಿಯ ತನಕ ಗುಮಾಸ್ತ. ಕಾಗದವಿಲ್ಲ, ಸಹಿಯಿಲ್ಲ. ಕೆಲಸದಿಂದ ಬಿಡಿಸುವಾಗಲೂ ಬಾಯಿಬಿಟ್ಟು ಹೇಳುವುದಿಲ್ಲ, ಕರೆಯುವುದಿಲ್ಲ, ಅಷ್ಟೆ. ನಮ್ಮ ಅಮ್ಮಿ ಹಸೀನಾಬೀ ಪ್ರತಿ ವರ್ಷ ಬಂದ ಟವೆಲಿನಲ್ಲೇ ಅಬ್ಬಾನ ರೊಟ್ಟಿ ಕಟ್ಟುತ್ತಾಳೆ. "ಈ ಸಲ ಎರಡು ಬರ್ತಾವ ನೋಡು" ಎಂದು ವಾರದ ಹಿಂದಿನಿಂದಲೇ ಹೇಳುತ್ತಿದ್ದಳು.

ಪೂಜೆಯ ಸಂಜೆ ನಾನು ದೇವಿಯನ್ನು ನೋಡಲಿಲ್ಲ, ತಟ್ಟೆಯನ್ನು ನೋಡಿದೆ. ಟವೆಲ್ ಒಂದೇ ಇತ್ತು.

ಅಬ್ಬಾನ ಹೆಸರೇ ಬರಲಿ ಎಂದು ಬೇಡಿಕೊಂಡೆ. ಅದರ ಬೆನ್ನಿಗೇ ನಳದ ಹತ್ತಿರ 'ಇನ್ನಾ ಮನ್ಯಾಗ ಅದಿ ಏನ' ಎನ್ನುವ ಸುಲ್ತಾನಾ ಖಾಲಾಳ ಮುಖವೂ ನೆನಪಾಯಿತು. ಆ ನೆನಪಿಗಾಗಿ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅಬ್ಬಾ ರೂಢಿಯಂತೆ ಅಂಗಿ ಸರಿಮಾಡಿಕೊಂಡು, ಕರೆಯುವ ಮೊದಲೇ ಒಂದು ಹೆಜ್ಜೆ ಮುಂದೆ ಬಂದು ಎರಡೂ ಕೈ ಚಾಚಿದ. ಸಾವ್ಕಾರರು ತಟ್ಟೆ ಎತ್ತಿಕೊಂಡು, "ಕೌಸರ್" ಎಂದರು.

ಅಬ್ಬಾನ ಕೈಗಳು ಹಾಗೇ ನಿಂತವು.

"ಜಿಲಾನಿಸಾಬ್, ಹೊರಗಿನವ್ರಿಗೆ ಕೊಟ್ಟಿಲ್ರೀ ನಾ. ನಿಮ್ಮ ಮನಿ ಅನ್ನ ನಿಮ್ಮ ಮನ್ಯಾಗ ಉಳದೈತಿ. ನೀವಿನ್ನ ಆರಾಮ ಮಾಡ್ರಿ" ಎಂದರು ಸಾವ್ಕಾರರು. ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

"ನನಗ ಬ್ಯಾಡ್ರಿ ಸಾವ್ಕಾರ್ರ. ಅಬ್ಬಾಗೇ ಕೊಡ್ರಿ" ಎಂದೆ.

"ನೀ ಒಲ್ಲೆಂದ್ರ ಪಾಮನಕಲ್ಲೂರಿನ ಹುಡುಗ ಅದಾನ ತಂಗಿ. ಅವನೂ ಬಿ.ಕಾಂ. ದಿನಾ ಬಂದು ಕೇಳಾಕತ್ತಾನ. ಹ್ಯಾಂಗಂತಿ?"

ಅಬ್ಬಾ ಕೈ ಹಿಂದೆ ಎಳೆದುಕೊಂಡು ಅಂಗಿಗೆ ಒರೆಸಿಕೊಂಡ. ನನ್ನ ಹೆಗಲು ಹಿಡಿದು ಮೆಲ್ಲಗೆ ಮುಂದೆ ನೂಕಿದ. "ತಗೋ ಬೇಟಾ. ಪೂಜಿ ದಿನ ಒಲ್ಲೆ ಅನಬಾರ್ದು" ಎಂದ.

ತಗೊಂಡೆ.

ಮಸ್ಕಿಗೆ ಮರಳುವಾಗ ಬಸ್ಸಿನಲ್ಲಿ ಅಬ್ಬಾ ಒಂದೇ ಮಾತು ಕೇಳಿದ: "ಎಷ್ಟು ಅಂದ್ರು?" ಹೇಳಿದೆ. ಅವನ ಪಗಾರಕ್ಕಿಂತ ಕಡಿಮೆ. "ಹೊಸಬ್ರಿಗೆ ಅಷ್ಟ ಕೊಡೂದು" ಎಂದು ಕಿಟಕಿಯ ಕಡೆ ಮುಖ ತಿರುಗಿಸಿದ. ನಾನು ಓದುವ ಮೊದಲು ನಮ್ಮ ಮನೆಗೆ ಒಂದು ಪಗಾರ ಬರುತ್ತಿತ್ತು. ನಾನು ಓದಿ ನೌಕರಿ ಹಿಡಿದ ಮೇಲೂ ಒಂದೇ, ಅದೂ ಸಣ್ಣದು. ಎರಡು ವರ್ಷ ಊರೂರು ಹುಡುಕಿದ ಕೆಲಸವನ್ನು ಕೊನೆಗೆ ನನ್ನ ಅಬ್ಬಾನ ಕೈಯಿಂದಲೇ ಕಿತ್ತುಕೊಂಡಿದ್ದೆ.

ಹಬ್ಬ ಕಳೆದು ಅಂಗಡಿ ತೆರೆದ ದಿನ ಅಮ್ಮಿ ಹೊಸ ಟವೆಲಿನಲ್ಲಿ ರೊಟ್ಟಿ ಕಟ್ಟಿ, ರೂಢಿಯ ಮೇಲೆ ಅಬ್ಬಾನ ಕಡೆ ಚಾಚಿದಳು. ಅವನು ಇಸಿದುಕೊಂಡು ನನಗೆ ಕೊಟ್ಟ. ಯಾವಾಗಲೂ ಏಳುವ ಹೊತ್ತಿಗೇ ಎದ್ದು, ಇಸ್ತ್ರಿ ಅಂಗಿ ತೊಟ್ಟು ಸಿದ್ಧನಾಗಿದ್ದ. ನಿಲ್ದಾಣದ ತನಕ ಬರುತ್ತೇನೆಂದ. ಇಬ್ಬರೂ ಜೊತೆಗೇ ಹೊರಟೆವು.

ನಾನು ಬಸ್ಸು ಹತ್ತಿ ಕುಳಿತೆ. ಅಬ್ಬಾ ಕೆಳಗೇ ನಿಂತಿದ್ದ. ಬಾಗಿಲಲ್ಲಿದ್ದ ಕಂಡಕ್ಟರ್ ಆಂಜನೇಯ, ಇಷ್ಟು ವರ್ಷ ಅವನನ್ನು ಹತ್ತಿಸಿಕೊಂಡು ಹೋದವನು, ಸೀಟಿ ಬಾಯಿಗಿಡುತ್ತ ಕೂಗಿದ:

"ಗುಮಾಸ್ತರ, ಲಗೂನ ಹತ್ರಿ, ಹೊತ್ತಾತು!"

ಅಬ್ಬಾ ಎರಡು ಹೆಜ್ಜೆ ಹಿಂದೆ ಸರಿದು ಕೈ ಬೀಸಿದ.

"ಗುಮಾಸ್ತ ಹತ್ತ್ಯಾಳ. ನೀ ಗಾಡಿ ಬಿಡು."