ದುಭಾಷಿ ಬರುವವರೆಗೆ

ಹೆತ್ತ ತಾಯಿಯ ಶವದ ಪಕ್ಕದಲ್ಲಿ ನಿಂತು ಬೇರೆಯವರ ಭಾಷಣವನ್ನು ಅನುವಾದಿಸಿಕೊಡಿ ಎಂದರೆ ನೀವು ಒಪ್ಪುತ್ತೀರಾ? ಇಲ್ಲವೆಂದಾದರೆ, ಇನ್ನೊಬ್ಬರ ಮಗಳಿಗೆ ಹಾಗೆನ್ನಲು ನಿಮ್ಮ ನಾಲಿಗೆ ಹೇಗೆ ಹೊರಳುತ್ತದೆ?

ಮ್ಯಾನೇಜರರ ನಾಲಿಗೆಯೇನೋ ಸಲೀಸಾಗಿಯೇ ಹೊರಳಿತು. ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯ ಪರವಾಗಿ ಹೂವಿಟ್ಟು, ಭಾಷಣದ ಕಾಗದ ಬಿಡಿಸುತ್ತ, ಮಗಳನ್ನು ಮುಂದಕ್ಕೆ ಕರೆದರು.

"ಬಾಮ್ಮ, ಇಲ್ಲಿ ನಿಂತ್ಕೊ. ನಾನು ಹೇಳಿದ್ದನ್ನ ಅವರಿಗೆ ಕೈಯಲ್ಲಿ ಹೇಳ್ಬಿಡು."

ಅವರೆಂದರೆ ಮುಂದಿನ ಸಾಲಿನಲ್ಲಿ ಕುಳಿತಿದ್ದ ಕಿವುಡ ಕೆಲಸಗಾರರು. ಸತ್ತವಳೂ ಅವರಲ್ಲೊಬ್ಬಳು, ಎಲ್ಲರಿಗೂ ಗಾಜಕ್ಕ. ಊರಿನ ಅರ್ಧ ಜನ ಅವಳು ಉಜ್ಜಿದ ಗಾಜಿನಲ್ಲೇ ಪೇಪರ್ ಓದುತ್ತಿದ್ದರು.

"ನಾನು ಹೇಳಲ್ಲ ಸರ್," ಎಂದಳು ಮಗಳು. "ಇವತ್ತು ನಾನು ಅಮ್ಮನ್ನ ಕಳಿಸಿಕೊಡೋಕೆ ಬಂದಿದೀನಿ. ಕಾರ್ಖಾನೇಲಿ ದುಭಾಷಿ ಇದ್ದಾರಲ್ಲ, ಕರೆಸಿ."

"ಅವರು ಡ್ಯೂಟೀಲಿದ್ದಾರೆ. ಹೇಗೂ ನೀನಿದೀಯಲ್ಲ ಅಂತ..."

"ಹೇಗೂ ನಾನಿದೀನಿ ಅಂತಾನೇ ಎಲ್ಲರೂ ಅಂದ್ಕೊಳ್ಳೋದು."

ಸೋದರಮಾವನಿಗೆ ತಡೆಯಲಾಗಲಿಲ್ಲ. "ಸ್ಮಶಾನದ ಗಾಡಿಯವನು ಆಗಲೇ ಗೊಣಗ್ತಿದಾನೆ. ನಾಲ್ಕು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ? ಥೇಟ್ ಅವರಮ್ಮನ ಹಠ!"

"ಮತ್ತೆ ಇನ್ಯಾರದು ಬರ್ಬೇಕಿತ್ತು ಮಾವ?"

ಹಾಗೆಂದು ಅವಳು ಹೋಗಿ ಮುಂದಿನ ಸಾಲಿನಲ್ಲಿ ಕುಳಿತುಬಿಟ್ಟಳು.

*

ಆ ಹಠವನ್ನು ಮಗಳು ಮೊದಲು ಕಂಡದ್ದು ಚಿಕ್ಕಂದಿನಲ್ಲಿ, ಕಾರ್ಖಾನೆಯ ಕಚೇರಿಯಲ್ಲಿ. ಪಾಠದ ನಡುವೆ ಎಬ್ಬಿಸಿ ಅವಳನ್ನು ಶಾಲೆಯಿಂದ ಕರೆತಂದಿದ್ದರು. ಇಂದಿನ ಮ್ಯಾನೇಜರರು ಅಂದು ಮೇಲ್ವಿಚಾರಕರು. ಗಾಜು ಉಜ್ಜುವ ಚಕ್ರ ನಿಲ್ಲಿಸೆಂದು ಅಮ್ಮನ ಹಿಂದಿನಿಂದ ಕೂಗಿದ್ದರು, ಚಕ್ರ ನಿಲ್ಲಲಿಲ್ಲ, ಒಂದು ತಟ್ಟೆ ಗಾಜು ಪುಡಿಯಾಯಿತು. ಕಿವುಡ ಹೆಂಗಸಿನ ಬೆನ್ನಿಗೆ ಕೂಗಿದವರದು ತಪ್ಪಲ್ಲವಂತೆ, ಕೇಳಿಸಿಕೊಳ್ಳದವಳದು ತಪ್ಪಂತೆ!

"ನಾಳೆಯಿಂದ ಬರೋದು ಬೇಡ ಅಂತ ನಿಮ್ಮಮ್ಮಂಗೆ ಹೇಳು ಪುಟ್ಟಿ."

ಪುಟ್ಟಿಯ ಕೈಗಳು ಮೇಲೆದ್ದು ಅರ್ಧದಲ್ಲೇ ನಿಂತವು. ಸನ್ನೆ ಗೊತ್ತಿತ್ತು, ಮಾಡುವ ಎದೆಯಿರಲಿಲ್ಲ. ಅಮ್ಮ ಆ ಕೈಗಳನ್ನು ತನ್ನ ಅಂಗೈಗಳಲ್ಲಿ ಮುಚ್ಚಿ ಹಿಡಿದಳು. ಆಮೇಲೆ ಮಗಳನ್ನು ಬಾಗಿಲತ್ತ ತಿರುಗಿಸಿ, ಶಾಲೆಯ ದಿಕ್ಕು ತೋರಿಸಿದಳು. ತಾನು ಮೇಲ್ವಿಚಾರಕ ಸಾಹೇಬರ ಎದುರಿನ ಕುರ್ಚಿ ಎಳೆದು ಕುಳಿತು, ಗಾಜಿನ ಪುಡಿ ಮೆತ್ತಿದ ಬೆರಳಿನಿಂದ ಅವರ ಮೇಜಿನ ಮೇಲೆ ಒಂದೇ ಪದ ಬರೆದಳು: ದುಭಾಷಿ.

ಗದರಿದರು, ಅವಳು ಕದಲಲಿಲ್ಲ. ಉಳಿದ ಕಿವುಡರೂ ಚಕ್ರ ನಿಲ್ಲಿಸಿ ಬಂದು ಅವಳ ಸುತ್ತ ನೆಲದ ಮೇಲೆ ಕುಳಿತರು. ಕೊನೆಗೆ ದುಭಾಷಿ ಬಂದರು. ಬಂದವರು ಕಾಯಂ ಆಗಿ ಉಳಿದರು, ಅಮ್ಮನ ಕೆಲಸವೂ ಉಳಿಯಿತು. ಪ್ರತಿ ಚಕ್ರದ ಮುಂದೆಯೂ ಎಚ್ಚರಿಕೆಯ ಕೆಂಪು ದೀಪ ಬಂತು. ಮಗಳನ್ನು ಪಾಠದಿಂದ ಮತ್ತಾರೂ ಎಬ್ಬಿಸಲಿಲ್ಲ. ಇದನ್ನೆಲ್ಲ ಕಾರ್ಖಾನೆ ತನ್ನ ಔದಾರ್ಯವೆಂದು ವರ್ಷವರ್ಷವೂ ಹೇಳಿಕೊಂಡಿತು. ನಾಚಿಕೆಯಾಗಬೇಕು!

*

ಮ್ಯಾನೇಜರರು ಮುಂದಿನ ಸಾಲನ್ನು ನೋಡಿದರು. ಅಲ್ಲಿ ಯಾರೂ ಏಳುವ ಲಕ್ಷಣವಿರಲಿಲ್ಲ. ಕಾಗದ ಮಡಿಸಿ ಜೇಬಿಗಿಟ್ಟು ಫೋನ್ ತೆಗೆದರು. ಗಾಡಿಯವನಿಗೂ ಒಂದು ಕುರ್ಚಿ ಸಿಕ್ಕಿತು. ಇಡೀ ಮನೆ ಕಾಯಿತು.

ದುಭಾಷಿ ಏದುಸಿರು ಬಿಡುತ್ತ ಬಂದು ನಿಂತಾಗ ಮೊದಲು ಎದ್ದವಳು ಗಾಜಕ್ಕನ ಪಕ್ಕದ ಚಕ್ರದ ಗೆಳತಿ. ಅವಳ ಕೈಗಳು ಓಡಿದವು. ದುಭಾಷಿ ಅದಕ್ಕೆ ದನಿಯಾದರು.

"ಆವತ್ತು ನಾನು ಕಚೇರಿ ನೆಲದ ಮೇಲೆ ಕೂತಿದ್ದಾಗ ಗಾಜಕ್ಕ ನಂಗೆ ಹೇಳಿದ್ಲು, ಈ..."

ದುಭಾಷಿ ತಡವರಿಸಿದರು. ಕಿವುಡರು ತಮ್ಮ ಸುತ್ತಲಿನ ಪ್ರತಿಯೊಬ್ಬರಿಗೂ, ಸಾಹೇಬರಿಗೂ, ಅವರವರ ಚಾಳಿ ನೋಡಿ ಒಂದು ಸನ್ನೆಯ ಹೆಸರಿಟ್ಟಿರುತ್ತಾರೆ. ಕಂಡ ಮಾತನ್ನೆಲ್ಲ ಹೇಳಿಯೇ ತೀರಬೇಕಾದದ್ದು ದುಭಾಷಿಯ ಧರ್ಮ.

"...ಈ ಮೂಗು ಕೆರ್ಕೊಳ್ಳೋ ಸಾಹೇಬ್ರು ಒಂದಿನ ನಮ್ಮ ಮಾತಿಗೆ ತಾವಾಗೇ ಕಾಯ್ತಾರೆ, ನೋಡ್ತಿರು, ಅಂತ. ಅಕ್ಕಾ, ಇವತ್ತು ಕಾದ್ರು ಕಣೇ!"

ಮ್ಯಾನೇಜರರ ಕೈ ಆಗ ಮೂಗಿನ ಮೇಲೆಯೇ ಇತ್ತು.

ಮುಂದಿನ ಸಾಲು ಆಗಲೇ ನಕ್ಕಾಗಿತ್ತು. ಮಾತು ತಲುಪಿದ ಮೇಲೆ ಕಿವಿಯಿದ್ದವರು ನಕ್ಕರು. ಸೋದರಮಾವ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಮಗಳು ನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು. ಅವಳ ಎರಡು ಕೈಗಳೂ ಮಡಿಲಲ್ಲಿ ನಿಶ್ಚಿಂತೆಯಿಂದ ಮಲಗಿದ್ದವು.

ನಿಮ್ಮ ಕಚೇರಿಯ ಕಿವುಡ ಸಹೋದ್ಯೋಗಿಯ ಮಾತನ್ನು ಇಂದು ಯಾರ ಮಗು ಹೊರುತ್ತಿದೆಯೋ, ಹೋಗಿ ನೋಡಿ. ಆ ಮಗುವನ್ನು ಶಾಲೆಗೆ ಕಳಿಸಿ. ದುಭಾಷಿಯನ್ನು ಕರೆಸಿ.