ನೆತ್ತಿಯ ಮೇಲೆ ಉಳಿದ ಸೂಜಿ

ಗುರುವಾರ ಮಧ್ಯಾಹ್ನವಾಯಿತೆಂದರೆ ಖಾನಾಪುರದಲ್ಲಿ ಮಾರ್ತಾಂಡರಾವ್ ಅವರ ಹಳೆಯ ಬೆಲ್ಲದ ಗೋದಾಮು ಹೆಂಗಸರಿಂದ ತುಂಬುತ್ತಿತ್ತು. ಬೆಲ್ಲವೆಲ್ಲ ಈಗ ಬೆಳಗಾವಿಯ ರವಿವಾರ ಪೇಟೆಯಲ್ಲಿರುವ ಅವರ ಅಂಗಡಿಗೇ ನೇರ ಹೋಗಿ ಇಳಿಯುತ್ತದೆ. ಇಲ್ಲಿ ಉಳಿದದ್ದು ಅದರ ವಾಸನೆ, ಮತ್ತೆ ಇನ್ನೂ ಆಸೆ ಬಿಡದ ಇರುವೆಗಳು. ಮೊಣಕಾಲು ಹಿಡಿದವರು, ಸೊಂಟ ಸೋತವರು, ನಿದ್ದೆ ಬಾರದವರು ಗೋಡೆಗುಂಟ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಸಾಲಾಗಿ ಕೂರುತ್ತಿದ್ದರು. ಪ್ರಮಿಳಾ ಒಬ್ಬೊಬ್ಬರ ಮುಂದೆ ಸ್ಟೂಲು ಎಳೆದುಕೊಂಡು, ಕೂದಲೆಳೆಯಷ್ಟು ಸಪೂರದ ಸೂಜಿ ಹಾಕುತ್ತ ಹೋಗುತ್ತಿದ್ದಳು. ಕೈಗೆ, ಕಾಲಿಗೆ, ಕಿವಿಗೆ, ತಲೆನೋವಿನವರಿಗೆ ನೆತ್ತಿಗೂ ಒಂದು. ಹಾಕಿದ ಮೇಲೆ ಅರ್ಧ ತಾಸು ಸುಮ್ಮನೆ ಕೂರಬೇಕು, ಮಾತಾಡಬಾರದು. ಊರಲ್ಲಿ ಇದಕ್ಕೆ ಚೀನಾ ಸೂಜಿ ಎಂದೇ ಹೆಸರು, ಹಾಕುವ ಪ್ರಮಿಳಾಳಿಗೆ ಬಾಯಾರು ಎಂದು.

ಪ್ರಮಿಳಾ ಬೆಳಗಾವಿಯ ಖಾಸಬಾಗದವಳು. ಬಹಳ ವರ್ಷ ನರ್ಸ್ ಆಗಿ ದುಡಿದು, ಆಮೇಲೆ ಅಕ್ಯುಪಂಕ್ಚರ್ ಕಲಿತು, ಮನೆಯ ಮುಂದಿನ ಖೋಲಿಯಲ್ಲಿ ಸಣ್ಣದೊಂದು ದವಾಖಾನೆ ನಡೆಸುತ್ತಿದ್ದಳು; ಗುರುವಾರ ಮಾತ್ರ ಖಾನಾಪುರಕ್ಕೆ ಬರುತ್ತಿದ್ದಳು. ತನ್ನ ಸೂಜಿಯಿಂದ ಎಲ್ಲ ಗುಣವಾಗುತ್ತದೆ ಎಂದು ಅವಳು ಯಾರಿಗೂ ಹೇಳಿದವಳಲ್ಲ. ಸಕ್ಕರೆ ರೋಗದವರಿಗೆ ಮಾತ್ರೆ ಬಿಡಬೇಡಿ ಎನ್ನುತ್ತಿದ್ದಳು. ಎದೆನೋವು ಎಂದವರನ್ನು ಕುರ್ಚಿಯ ಮೇಲೂ ಕೂಡಿಸದೆ ದೊಡ್ಡ ಆಸ್ಪತ್ರೆಗೆ ಅಟ್ಟುತ್ತಿದ್ದಳು. ಕೆಲವರ ನೋವು ಇಳಿಯುತ್ತಿತ್ತು, ಕೆಲವರದು ಇಳಿಯುತ್ತಿರಲಿಲ್ಲ. ಇಳಿಯದವರೂ ಮುಂದಿನ ಗುರುವಾರ ತಪ್ಪದೆ ಬರುತ್ತಿದ್ದರು. ಯಾಕೆಂದು ಅವಳಿಗೆ ಬೇಗನೆ ತಿಳಿಯಿತು. ಮೈಮೇಲೆ ಸೂಜಿ ಇದ್ದವಳಿಗೆ ಯಾರೂ ಚಹಾ ಇಡು ಎನ್ನುವುದಿಲ್ಲ, ಕೂಸನ್ನು ಎತ್ತಿಕೋ ಎನ್ನುವುದಿಲ್ಲ. ಕನ್ನಡದ ಮನೆಯವಳೂ ಮರಾಠಿ ಮನೆಯವಳೂ ಬಾಜೂಕ ಬಾಜೂ ಕೂತು, ಕಣ್ಣು ಮುಚ್ಚಿ, ವಾರಕ್ಕೊಮ್ಮೆ ಬರೀ ಉಸಿರಾಡುತ್ತಿದ್ದರು.

ಬಾಯಿ ಮುಚ್ಚುವುದು ಮಾತ್ರ ಫಕೀರವ್ವನಿಗೆ ಕಷ್ಟ. ಮೊಣಕಾಲಿನ ನೋವಿಗೆ ಬರುವ ಮುದುಕಿ ಆಕೆ. ಚೀನಾದ ಪದ್ಧತಿಯಲ್ಲಿ ಮೊದಲು ನಾಲಿಗೆ ನೋಡುತ್ತಾರೆ, ನಾಡಿ ಹಿಡಿಯುತ್ತಾರೆ. ನಾಲಿಗೆ ತೋರಿಸಿ ಎಂದಾಗಲೆಲ್ಲ ಆಕೆಯದು ಒಂದೇ ತಕರಾರು.

"ನನ್ನ ನಾಲಿಗಿ ಇಡೀ ಖಾನಾಪುರಕ್ಕ ಗೊತ್ತೈತಿ. ನೀವೊಬ್ಬರ ಹೊಸದಾಗಿ ಏನ್ ನೋಡ್ತೀರಿ ಬಾಯಾರ?"

"ಎಲಿಅಡಿಕಿ ಹಾಕ್ಕೊಂಡ ಬಂದೀರಿ. ಕೆಂಪ ಬಿಟ್ಟ ಏನೂ ಕಾಣವಲ್ದು. ಬಾಯಿ ಮುಕ್ಕಳಿಸಿ ಬರ್ರಿ."

ಗೋದಾಮು ಕೊಡುವಾಗ ಮಾರ್ತಾಂಡರಾವ್ ಒಂದೇ ಮಾತು ಹೇಳಿದ್ದರು. "ಜಾಗಾ ಖಾಲೀನ ಐತಿ, ಕುಂದರ್ರಿ. ಆದ್ರ ಒಬ್ಬರಿಗೆ ಒಂದ ಸಲ ಹೆಚ್ಚುಕಮ್ಮಿ ಆತು ಅಂದ್ರ ಮರುದಿನ ಕೀಲಿ. ನಾ ಈ ಊರಾಗ ತಲಿ ಎತ್ತಿ ತಿರಗಬೇಕು." ಅವರಿಗೆ ಸೂಜಿಯ ಮೇಲೆ ನಂಬಿಕೆ ಇರಲಿಲ್ಲ. ಹೆಂಗಸರು ಕೇಳಿದರೆಂದು ಕೊಟ್ಟಿದ್ದರು, ಅಷ್ಟೆ.

ಅದು ಭತ್ತದ ಸುಗ್ಗಿಯ ಕಾಲ. ಆ ಗುರುವಾರ ಬಂದವರಿಗೆಲ್ಲ ಮನೆಗೆ ಹೋಗುವ ಅವಸರವಿತ್ತು. ಮಾರ್ತಾಂಡರಾವ್ ಅವರ ತಮ್ಮನ ಹೆಂಡತಿ ರಾಧಾಬಾಯಿಯೂ ಬಂದಿದ್ದಳು. ಜಾಂಬೋಟಿ ರಸ್ತೆಯ ಒಳಹಳ್ಳಿಯಲ್ಲಿ ಅವರ ಹೊಲಮನೆ. ವರ್ಷಗಟ್ಟಲೆಯ ತಲೆನೋವು ಆಕೆಯದು. ಡಾಕ್ಟರು ಎಲ್ಲ ತಪಾಸಣೆ ಮಾಡಿ, ಭಯಪಡುವಂಥದ್ದೇನಿಲ್ಲ ಎಂದು ಗುಳಿಗೆ ಕೊಟ್ಟಿದ್ದರು. ಗುಳಿಗೆಯ ಜೊತೆಗೆ ಇದೂ ಒಂದು ಇರಲಿ ಎಂದು ಬರುತ್ತಿದ್ದಳು. ಪ್ರಮಿಳಾ ಆಕೆಯ ಕೈಗೆ, ಕಾಲಿಗೆ ಸೂಜಿ ಹಾಕಿ, ಕೊನೆಗೆ ನೆತ್ತಿಯ ನಡುವೆ ಒಂದನ್ನು ಓರೆಯಾಗಿ ಹಾಕಿದಳು.

"ಇವತ್ತ ಲಗೂ ಬಿಡ್ರಿ ಬಾಯಾರ" ಎಂದಳು ರಾಧಾಬಾಯಿ. "ಹೊಲದಾಗ ಭತ್ತದ ಸೂಡ ಕಟ್ಟಿ ಇಟ್ಟಾರ. ಸಂಜಿ ಒಳಗ ಕಣಕ್ಕ ಹೊರಬೇಕು."

ಅರ್ಧ ತಾಸು ಮುಗಿಯುವ ಹೊತ್ತಿಗೆ, ಎಂದೂ ಬಾರದ ಮಾರ್ತಾಂಡರಾವ್ ಅಂದು ಬಾಗಿಲಲ್ಲಿ ನಿಂತರು. ಮಾಡಿನ ತೊಲೆಗಳಿಗೆ ಗೆದ್ದಲು ಹತ್ತಿದೆಯೋ ಹೇಗೆ ಎಂದು ನೋಡಲು ಬಂದಿದ್ದರು. ಭಾವನನ್ನು ಕಂಡದ್ದೇ ತಡ, ಸೂಜಿಯಿದ್ದ ಕೈಯಲ್ಲೇ ರಾಧಾಬಾಯಿಯ ಸೆರಗು ತಾನಾಗಿಯೇ ತಲೆಯ ಮೇಲೇರಿತು. ಮದುವೆಯಾದಂದಿನಿಂದ ಆ ಕೈಗೆ ಅಷ್ಟು ರೂಢಿ. ಮಾರ್ತಾಂಡರಾವ್ ಗೆದ್ದಲು ನೋಡಿ ಸುಮ್ಮನೆ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು, ಈ ಸೂಜಿಯೊಳಗೆ ಔಷಧ ಇರುತ್ತದೆಯೋ ಇಲ್ಲವೋ, ಇಲ್ಲದಿದ್ದರೆ ಮತ್ತೆ ಹೇಗೆ ಕೆಲಸ ಮಾಡುತ್ತದೆ ಎಂದು ಶುರುಮಾಡಿದರು. ಅವರಿಗೆ ಉತ್ತರ ಕೊಡುತ್ತಲೇ ಪ್ರಮಿಳಾ ಒಬ್ಬೊಬ್ಬರ ಸೂಜಿ ತೆಗೆದಳು. ಹೊರಗೆ ಟೆಂಪೋದವನು ಹಾರನ್ ಒತ್ತುತ್ತಿದ್ದ. ಹೆಂಗಸರು ಚಪ್ಪಲಿ ಮೆಟ್ಟಿ ಹೊರಟುಹೋದರು. ಮಾರ್ತಾಂಡರಾವ್ ಕೂಡ ಎದ್ದು, ಎದುರಿನ ಕಿರಾಣಿ ಅಂಗಡಿಯ ಕಟ್ಟೆಗೆ ಹೋಗಿ ಕೂತರು.

ಬಳಸಿದ ಸೂಜಿಗಳನ್ನು ಡಬ್ಬಿಗೆ ಹಾಕುವ ಮುಂಚೆ ಎಣಿಸುವುದು ಪ್ರಮಿಳಾಳ ನರ್ಸ್ ಕಾಲದ ಅಭ್ಯಾಸ. ಅಂದು ಒಂದು ಕಡಿಮೆ ಬಿತ್ತು. ಮತ್ತೆ ಎಣಿಸಿದಳು. ಕುರ್ಚಿಗಳ ಕೆಳಗೆ ಬಗ್ಗಿ ನೋಡಿದಳು. ಕಸಬರಿಗೆ ಆಡಿಸಿದಳು. ಮೊಣಕಾಲು ನೀವಿಕೊಳ್ಳುತ್ತ ಇನ್ನೂ ಅಲ್ಲೇ ಕೂತಿದ್ದ ಫಕೀರವ್ವ ಕೇಳಿದಳು. "ಏನ್ ಕಳಕೊಂಡ್ರಿ?"

"ಒಂದ ಸೂಜಿ."

"ನನ್ನ ಮೈಯಾಗಂತೂ ಇಲ್ಲ. ಇದ್ದಿದ್ರ ನಾ ಇಷ್ಟೊತ್ತಿಗೆ ಒದರಾಡ್ತಿದ್ದೆ."

ಪ್ರಮಿಳಾ ಕಣ್ಣು ಮುಚ್ಚಿ, ಕುರ್ಚಿಯಿಂದ ಕುರ್ಚಿಗೆ ಮನಸ್ಸಿನಲ್ಲೇ ಹೋದಳು. ಈಕೆಯ ಕಿವಿ, ತೆಗೆದೆ. ಈಕೆಯ ಪಾದ, ತೆಗೆದೆ. ರಾಧಾಬಾಯಿಯ ಕೈ ತೆಗೆದೆ, ಕಾಲು ತೆಗೆದೆ. ತಲೆ? ತಲೆಯ ಜಾಗದಲ್ಲಿ ಅವಳಿಗೆ ಕಂಡದ್ದು ಹಸಿರು ಸೆರಗು ಮಾತ್ರ.

ಸೂಜಿ ಬುರುಡೆಯೊಳಗೆ ಇಳಿಯುವುದಿಲ್ಲ, ಜೀವಕ್ಕೇನೂ ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಅದರ ಮೇಲೆ ಹಸಿ ಭತ್ತದ ಹೊರೆ ಬಿದ್ದರೆ? ಸೂಜಿ ಬಾಗಿ ಚರ್ಮದೊಳಗೆ ಮುರಿಯಬಹುದು, ರಕ್ತ ಬರಬಹುದು, ಕೀವಾಗಬಹುದು. ಗದ್ದೆಯ ಬದುವಿನ ಮೇಲೆ ಹೊರೆ ಹೊತ್ತವಳು ನೋವಿಗೆ ಬೆಚ್ಚಿ ಕಾಲು ಜಾರಿಸಿದರೆ ಅದು ಬೇರೆಯೇ ಕತೆ. ರಾಧಾಬಾಯಿಗೆ ಫೋನು ಹಚ್ಚಿದಳು. ಆ ಕಾಡಿನ ಕಡೆ ರೇಂಜು ಸಿಗುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೂ ಹಚ್ಚಿದಳು; ಹತ್ತಲಿಲ್ಲ.

ಆ ಕಡೆಗೆ ಮುಂದಿನ ಬಸ್ಸು ಬರುವುದು ಸಂಜೆಗೆ. ಕಣ್ಣೆದುರಿಗೆ ಗಾಡಿ ಎಂದು ಇದ್ದದ್ದು ಒಂದೇ, ಮಾರ್ತಾಂಡರಾವ್ ಅವರ ಜೀಪು.

"ಅವರಿಗೆ ಹೇಳಬ್ಯಾಡ್ರಿ" ಎಂದಳು ಫಕೀರವ್ವ, ಎಲ್ಲ ತಿಳಿದು. "ಕೀಲಿ ಹಾಕ್ತಾರ. ಯಾರದರ ಮೋಟರ್‌ಸೈಕಲ್ ಸಿಗತೈತೇನು ನೋಡೂಣು."

ಪ್ರಮಿಳಾ ಒಂದು ಕ್ಷಣ ನಿಂತಳು. ಈ ಕುರ್ಚಿಗಳು, ಈ ಅರ್ಧ ತಾಸಿನ ಮೌನ, ಎಲ್ಲ ಇವತ್ತಿಗೇ ಮುಗಿಯಬಹುದು. ಮೋಟರ್‌ಸೈಕಲ್ ಹುಡುಕುತ್ತ ಹೋದರೆ ಅಲ್ಲಿ ಹೊರೆ ತಲೆಗೇರುತ್ತದೆ. ಅವಳು ರಸ್ತೆ ದಾಟಿ ಕಟ್ಟೆಯ ಮುಂದೆ ನಿಂತಳು.

"ರಾಧಾಬಾಯಾರ ನೆತ್ತಿ ಮ್ಯಾಲ ಒಂದ ಸೂಜಿ ಉಳದೈತ್ರಿ. ನಾ ತಗಿಯೂದು ಮರತೆ. ಅವರು ಹೊರಿ ಹೊರೂಕಿಂತ ಮೊದಲ ನಾವ ಅಲ್ಲಿರಬೇಕು."

ಮಾರ್ತಾಂಡರಾವ್ ಚಹಾದ ಲೋಟ ಕೆಳಗಿಟ್ಟರು. ಮುಖ ಕೆಂಪಾಯಿತು. "ನಾ ಏನ್ ಹೇಳಿದ್ದೆ ನಿಮಗ?"

"ನೆನಪೈತ್ರಿ. ಕೀಲಿ ನಾಳಿ ಹಾಕ್ರಿ. ಈಗ ಗಾಡಿ ತಗೀರಿ."

ಪೇಟೆಯ ಹಮಾಲರಿಗೆ ದಿನಾ ಹುಕುಂ ಮಾಡಿ ರೂಢಿಯಿದ್ದ ಮನುಷ್ಯ. ಯಾರಾದರೂ ತಮಗೆ ಹುಕುಂ ಮಾಡಿ ಬಹಳ ದಿನವಾಗಿತ್ತೇನೋ, ಸುಮ್ಮನೆ ಎದ್ದು ಜೀಪು ಚಾಲೂ ಮಾಡಿದರು.

ದಾರಿಯುದ್ದಕ್ಕೂ ಎರಡೂ ಬದಿಯ ಗದ್ದೆಗಳಲ್ಲಿ ಎಲ್ಲಿ ನೋಡಿದರೂ ಹೊರೆ ಹೊತ್ತ ಹೆಂಗಸರೇ. ಪ್ರಮಿಳಾ ಒಬ್ಬೊಬ್ಬರ ತಲೆಯನ್ನೂ ನೋಡುತ್ತ ಕೂತಿದ್ದಳು. ಹೊಲಮನೆಯ ತಿರುವು ಬಂದಾಗ, ಬದುವಿನ ಮೇಲೆ ಹಸಿರು ಸೀರೆಯವಳೊಬ್ಬಳು ಮುಖ ಕಾಣದಷ್ಟು ದೊಡ್ಡ ಹೊರೆ ಹೊತ್ತು ಕಣದ ಕಡೆಗೆ ನಡೆದಿದ್ದಳು. ಜೀಪು ಪೂರ್ತಿ ನಿಲ್ಲುವ ಮುಂಚೆಯೇ ಪ್ರಮಿಳಾ ಇಳಿದು ಓಡಿದಳು. ಚಪ್ಪಲಿ ಕೆಸರಲ್ಲಿ ಉಳಿಯಿತು.

"ನಿಂದರ್ರಿ, ಹೊರಿ ಇಳಸ್ರಿ. ಮೆಲ್ಲಕ ಇಳಸ್ರಿ."

ಹೊರೆ ಕೆಳಗಿಳಿಯಿತು. ಅದರ ಹಿಂದಿನಿಂದ ಕಂಡದ್ದು ರಾಧಾಬಾಯಿಯ ಸೊಸೆ ಮುಗ್ಧಾಳ ಬೆವೆತ ಮುಖ.

"ಏನಾತ್ರೀ?" ಎಂದಳು ಆಕೆ, ಗಾಬರಿಯಾಗಿ.

"ನಿಮ್ಮ ಅತ್ತಿ ಎಲ್ಲೆದಾರ?"

ಮುಗ್ಧಾ ಮೂತಿ ಸೊಟ್ಟ ಮಾಡಿ ಕಣದ ಕಡೆ ಕೈ ತೋರಿಸಿದಳು. "ಅಲ್ಲಿ ನೋಡ್ರಿ, ಮಹಾರಾಣಿ ಕುಂತಂಗ ಕುಂತಾರ. ಬಂದಾಗಿಂದ ಒಂದ ಕಡ್ಡಿ ಎತ್ತಿಲ್ಲ."

ಕಣದ ಅಂಚಿನ ಮಾವಿನ ಮರದ ಕೆಳಗೆ ಹಗ್ಗದ ಹೊರಸಿನ ಮೇಲೆ ರಾಧಾಬಾಯಿ ಕಂಬದಂತೆ ನೆಟ್ಟಗೆ ಕೂತಿದ್ದಳು. ಕತ್ತು ಆಚೆ ಈಚೆ ಆಡಿಸುತ್ತಿರಲಿಲ್ಲ. ಕೂತಲ್ಲಿಂದಲೇ ಯಾವ ಸೂಡು ಎಲ್ಲಿ ಒಟ್ಟಬೇಕೆಂದು ಆಳುಗಳಿಗೆ ಹೇಳುತ್ತಿದ್ದಳು. ಪ್ರಮಿಳಾಳನ್ನು ಕಂಡು ಖುಷಿಯಿಂದ ಕೈ ಎತ್ತಿದಳು.

"ಬರ್ರಿ ಬಾಯಾರ. ತಗಿಯಾಕ ನೀವ ಬರ್ತೀರಿ ಅಂತ ಗೊತ್ತಿದ್ರ ಚಹಾ ಇಡಸ್ತಿದ್ದೆ."

ಪ್ರಮಿಳಾಳಿಗೆ ಏದುಸಿರು. "ಸೂಜಿ ಐತಿ ಅಂತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿಲ್ದೇನ? ಟೆಂಪೋದಾಗ ಕುಂತಾಗ ಸೆರಗ ತೊಡಕಿತು, ಕೈ ಹಚ್ಚಿ ನೋಡಿದೆ. ನನ್ನ ತಲಿನೋವ ಹಳೇದು, ಎಲ್ಲಾರ್ಗತೆ ಅರ್ಧ ತಾಸು ಸಾಲೂದಿಲ್ಲ, ಅದಕ್ಕ ನನಗ ಒಂದ ಜಾಸ್ತಿ ಹೊತ್ತು ಬಿಟ್ಟಾರ ಅಂತ ತಿಳ್ಕೊಂಡೆ. ಸೂಜಿ ಇದ್ದಾಗ ಅಳ್ಳಾಡಬಾರ್ದು ಅಂತ ನೀವ ಹೇಳೀರಲ್ಲ, ಅದಕ್ಕ ಕುಂತೇನಿ. ಟೆಂಪೋದಾಗಿನ ಹೆಂಗಸರಿಗೆ ಎಷ್ಟ ಹೊಟ್ಟಿಕಿಚ್ಚು ಅಂತೀರಿ. ಮುಂದಿನ ವಾರ ಎಲ್ಲಾರೂ ಕೇಳ್ತಾರ ನಿಮಗ."

ಪ್ರಮಿಳಾ ಹೊರಸಿನ ಅಂಚು ಹಿಡಿದು ನಿಂತಳು. ಅಷ್ಟರಲ್ಲಿ ಮಾರ್ತಾಂಡರಾವ್ ಹಿಂದೆ ಬಂದು ನಿಂತಿದ್ದರು. ರಾಧಾಬಾಯಿಯ ಮಾತು ಅವರ ಕಿವಿಗೂ ಬಿದ್ದಿತ್ತು. ಅವರು ಪ್ರಮಿಳಾಳ ಮುಖವನ್ನೇ ನೋಡುತ್ತಿದ್ದರು. ಹೂಂ ಎಂದು ಒಮ್ಮೆ ತಲೆ ಅಲ್ಲಾಡಿಸಿದರೆ ಸಾಕಿತ್ತು, ಇಡೀ ಊರಿನ ಮುಂದೆ ಇದು ತಪ್ಪಲ್ಲ, ವಿಶೇಷ ಉಪಚಾರ ಎಂದಾಗಿಬಿಡುತ್ತಿತ್ತು. ಪ್ರಮಿಳಾಳಿಗೂ ಅದು ಹೊಳೆಯದೆ ಇರಲಿಲ್ಲ. ಆದರೆ ಮುಂದಿನ ಗುರುವಾರ ಟೆಂಪೋದ ಹೆಂಗಸರೆಲ್ಲ ನೆತ್ತಿಯಲ್ಲಿ ಸೂಜಿ ಇಟ್ಟುಕೊಂಡು ಗದ್ದೆಗೆ ಹೋಗುವ ಚಿತ್ರವೂ ಅದರ ಜೊತೆಗೇ ಕಣ್ಣ ಮುಂದೆ ಬಂತು.

"ಇಲ್ರಿ ರಾಧಾಬಾಯಾರ. ಬೇಕಂತ ಬಿಟ್ಟದ್ದಲ್ಲ. ಮರತ ಬಿಟ್ಟದ್ದು. ತಪ್ಪು ನಂದು. ಯಾರ ಮೈಮ್ಯಾಲೂ ಸೂಜಿ ಬಿಟ್ಟ ಮನಿಗೆ ಕಳಸಬಾರ್ದು. ಟೆಂಪೋದಾಗಿನವರಿಗೂ ಹಂಗ ಹೇಳ್ರಿ."

ರಾಧಾಬಾಯಿಯ ಮುಖ ಸಣ್ಣದಾಯಿತು. "ಮರತ್ರಿ?"

"ಹೌದ್ರಿ."

ಪ್ರಮಿಳಾ ಕೈ ತೊಳೆದುಕೊಂಡು, ಸೆರಗನ್ನು ಮೆಲ್ಲಗೆ ಹಿಂದೆ ಸರಿಸಿದಳು. ಭಾವ ನಿಂತಿದ್ದಾರೆಂದು ರಾಧಾಬಾಯಿ ಸೆರಗನ್ನು ಹಿಡಿದೇ ಇದ್ದಳು. ಮಾರ್ತಾಂಡರಾವ್ ತಾವಾಗಿಯೇ ಮುಖ ತಿರುಗಿಸಿ ಭತ್ತದ ರಾಶಿಯ ಕಡೆ ನೋಡುತ್ತ ನಿಂತರು. ಸೂಜಿ ಹಾಕಿದ ಹಾಗೆಯೇ ಇತ್ತು, ಬಾಗಿರಲಿಲ್ಲ. ತೆಗೆದು, ಹತ್ತಿಯಿಂದ ಒತ್ತಿ ಹಿಡಿದಳು. ಹತ್ತಿ ಬೆಳ್ಳಗೇ ಉಳಿಯಿತು.

"ಹಂಗಾರ ನನ್ನ ತಲಿ ಹಗರಾದದ್ದು?" ಎಂದಳು ರಾಧಾಬಾಯಿ, ಇನ್ನೂ ಬಿಟ್ಟುಕೊಡದೆ. "ಖರೇ ಹೇಳ್ತೀನಿ, ಮಧ್ಯಾಹ್ನದಿಂದ ನೋವ ಇಲ್ಲ."

"ಸೂಜಿಯಿಂದ ಇರಬಹುದು. ಈ ವಯಸ್ಸಿನ್ಯಾಗ ಒಂದ ಸುಗ್ಗಿ ಹೊರಿ ಹೊರದ ನೆಳ್ಳಾಗ ಕುಂತಿದ್ದಕ್ಕೂ ಇರಬಹುದು. ಎರಡೂ ಕೂಡಿ ಇರಬಹುದು. ನಾಳಿಂದಾನೂ ಹೊರಬ್ಯಾಡ್ರಿ, ನೋಡೂಣು."

"ಹಂಗಾರ ನನ್ನ ನೆತ್ತಿಗೂ ಒಂದ ಹಾಕಿ ಮರತ ಹೋಗ್ರಿ" ಎಂದಳು ಮುಗ್ಧಾ. "ನಾನೂ ಅತ್ತಿ ಬಾಜೂಕ ಕುಂದರ್ತೀನಿ."

ಆಳುಗಳು ನಕ್ಕರು. ರಾಧಾಬಾಯಿಯೂ ನಕ್ಕಳು. ಮಾರ್ತಾಂಡರಾವ್ ಮಾತ್ರ ನಗಲಿಲ್ಲ. ಭತ್ತದ ಒಂದು ತೆನೆ ಕಿತ್ತು, ಉಜ್ಜಿ, ಊದಿ, ಕಾಳು ಬಾಯಿಗೆ ಹಾಕಿಕೊಂಡರು. ಆಮೇಲೆ ಪ್ರಮಿಳಾಳನ್ನು ಕೇಳಿದರು.

"ನಾ ಒಳಗ ಬಂದೆ ಅಂತ ಆಕಿ ಸೆರಗ ಹೊತ್ಗೊಂಡ್ಳು. ಹೌದಿಲ್ಲೋ?"

"ಹೌದ್ರಿ. ಆದ್ರ ಸೆರಗ ಸರಿಸಿ ನೋಡೂದು ನನ್ನ ಕೆಲಸ ಆಗಿತ್ತು."

"ನೀವ ನೋಡಾಕ ನಾ ಎಲ್ಲಿ ಬಿಟ್ಟೆ. ಪ್ರಶ್ನಿ ಕೇಳಕೋತ ಕುಂತೆ." ಅವರು ತಮ್ಮನ ಹೆಂಡತಿಯ ಕಡೆ ತಿರುಗಿದರು. "ರಾಧಾ, ಇನ್ನಮ್ಯಾಲ ಅಲ್ಲಿ ಸೂಜಿ ಹಾಕ್ಕೊಂಡ ಕುಂತಾಗ ನಾ ಬಂದ್ರ ಸೆರಗ ಹೊರಬ್ಯಾಡ. ನಾ ಏನೂ ತಿಳ್ಕೊಳ್ಳೂದಿಲ್ಲ."

ರಾಧಾಬಾಯಿ ನೆಲ ನೋಡುತ್ತ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು. "ಅದ ಆಗೂದಿಲ್ಲ ಭಾವೂಜಿ. ಕೈ ನನ್ನ ಮಾತ ಕೇಳೂದಿಲ್ಲ. ಅದರಕಿಂತ ನೀವ ಬರಬ್ಯಾಡ್ರಿ."

ಆಳುಗಳು ಸೂಡು ಹಿಡಿದ ಕೈಯಲ್ಲೇ ತಿರುಗಿ ನೋಡಿದರು. ಆಮೇಲೆ ಮಾರ್ತಾಂಡರಾವ್ ಅವರ ಹೊಟ್ಟೆ ಅಲ್ಲಾಡಿತು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ನನ್ನ ಗೋದಾಮಿಗೆ ನಾನ ಹೋಗಂಗಿಲ್ಲ. ಆತು ಬಿಡು. ಗೆದ್ದಲ ನೋಡಾಕ ಶುಕ್ರವಾರ ಹೋಗ್ತೀನಿ."

ಪ್ರಮಿಳಾ ಅವರ ಮುಖ ನೋಡಿದಳು. ಕೇಳಿಯೇಬಿಡಬೇಕು ಎನಿಸಿತು. "ಹಂಗಾರ ಗುರುವಾರ?"

"ಗುರುವಾರ ನೀವು ಕುಂದರ್ರಿ. ಮರತದ್ದು ಹೇಳಾಕ ರಸ್ತೆ ದಾಟಿ ಬಂದ್ರಿ. ಸುಮ್ಮನ ಬಸ್ ಹತ್ತಿ ಬೆಳಗಾವಿಗೆ ಹೋಗಿದ್ರ ಇವತ್ತ ಕೀಲಿ ಹಾಕ್ತಿದ್ದೆ. ಆದ್ರ ಒಂದು, ಬಾಗಲದಾಗ ಒಬ್ಬಾಕಿನ್ನ ನಿಂದರಸ್ರಿ. ಎಲ್ಲಾರ ತಲಿ ಮುಟ್ಟಿ ನೋಡಿ ಹೊರಗ ಬಿಡ್ಲಿ."

"ಫಕೀರವ್ವನ್ನ ನಿಂದರಸ್ತೀನ್ರಿ" ಎಂದಳು ಪ್ರಮಿಳಾ. "ಆಕಿ ಕೈ ದಾಟಿ ಇರುವಿನೂ ಹೋಗೂದಿಲ್ಲ."

ಬೆಳಗಾವಿಯ ಬಸ್ಸು ತಪ್ಪಿತ್ತು. ಮಾರ್ತಾಂಡರಾವ್ ನಾನೂ ಪೇಟೆಗೆ ಹೋಗುವವನಿದ್ದೇನೆ, ಖಾಸಬಾಗದ ತನಕ ಬಿಡುತ್ತೇನೆ ಎಂದರು. ಮುಗ್ಧಾ ಕೆಸರಿನಿಂದ ಚಪ್ಪಲಿ ಹುಡುಕಿ ತೊಳೆದು ತಂದಿಟ್ಟಳು. ಒಳಗಿನಿಂದ ಭಾಕ್ರಿ, ಬೆಳ್ಳುಳ್ಳಿ ಖಾರ, ಒಂದು ಲೋಟ ಮಜ್ಜಿಗೆ ಬಂದವು. ಪ್ರಮಿಳಾಳಿಗೆ ಅಂದು ಮಧ್ಯಾಹ್ನದ ಊಟ ಮಾಡಿಲ್ಲವೆಂಬುದು ಆಗ ನೆನಪಾಯಿತು. ಹೊರಸಿನ ಮೇಲೆ ರಾಧಾಬಾಯಿಯ ಪಕ್ಕದಲ್ಲಿ ಕೂತು, ಭಾಕ್ರಿ ಮುರಿದು, ಅವಸರವಿಲ್ಲದೆ ಉಂಡಳು.