ಹೋಗ್ತೇನಿ ಅಂದಾಳ್ರಿ

ಒಬ್ಬರೇ ಇರುವ ಜಾಗಕ್ಕೆ ಹೋಗಿ ಮಾತಾಡಿ ಎಂದು ಮನಸ್ಸಿನ ಸಂಕಟ ಕೇಳುವ ಸಹಾಯವಾಣಿಯ ಮೇಡಂ ಹೇಳಿದ್ದಕ್ಕೇ ಪಂಚಶೀಲಾ ಫೋನು ಹಿಡಿದು ಒಳಕೋಣೆಗೆ ಹೋಗಿ ಕದ ಮುಂದೆ ಮಾಡಿಕೊಂಡಿದ್ದಳು. ಹಡೆಯಲು ನಿಂಬರ್ಗಾದ ತವರಿಗೆ ಬಂದವಳ ಕೂಸು ಹೊಟ್ಟೆಯಲ್ಲೇ ತೀರಿತ್ತು. ಅಂದಿನಿಂದ ಅನ್ನ ಸೇರದು, ಅಳುವೂ ಬಾರದು. ಈ ನಂಬರಿಗೆ ಫೋನು ಹಚ್ಚಿರಿ ಎಂದು ಗೋಡೆಗೆ ಬರೆದು ಹೋದವಳು ಆಶಾ ಕಾರ್ಯಕರ್ತೆ ಮಹಾನಂದಾ.

ತಾಯಿ ಮಲ್ಕಮ್ಮ ನಾಚಿಕೆ ಬಿಟ್ಟು ಕದಕ್ಕೆ ಕಿವಿ ಹಚ್ಚಿ ಕೂತಿದ್ದಳು. ಬಹಳ ಹೊತ್ತು ಬರೀ ಹ್ಞೂಂ, ಹ್ಞೂಂ. ಕೊನೆಗೆ ಮಗಳ ದನಿ ಸ್ಪಷ್ಟವಾಗಿ ಕೇಳಿತು.

“ಆಯ್ತ್ರಿ ಮೇಡಂ. ಹೋಗ್ತೇನ್ರಿ.”

ಮಲ್ಕಮ್ಮ ದಡಬಡಿಸಿ ಎದ್ದಳು. ಕದ ಬಡಿದಳು, ಕೂಗಿದಳು. ಒಳಗೆ ಉಸಿರಿಲ್ಲ. ಮನೆಗಿದ್ದ ಒಂದೇ ಫೋನು ಒಳಗೇ ಇತ್ತು. ಕೂಗು ಕೇಳಿ ಓಡಿ ಬಂದ ಪಕ್ಕದ ಮನೆಯ ಕುಲಸುಮಬಿ ತನ್ನ ಫೋನಿನಿಂದ ಅದೇ ನಂಬರಿಗೆ ಹಚ್ಚಿದಳು. ಈ ಸಲ ಎತ್ತಿದ್ದು ಬೇರೆ ಯಾವಳೋ ಹುಡುಗಿ. ಹೆಸರು, ವಯಸ್ಸು, ತಾಲೂಕು ಎಂದು ಮೊದಲಿನಿಂದ ಶುರುವಿಟ್ಟಳು.

“ರೇಷನ್ ಕಾರ್ಡಿಗಿ ಕೇಳ್ದಂಗ ಕೇಳಾಕತ್ತೀರಲ್ರಿ ಮೇಡಂ,” ಎಂದು ಕುಲಸುಮಬಿ ಗದರಿ, ಫೋನನ್ನು ಮಲ್ಕಮ್ಮನ ಕೈಗೆ ತುರುಕಿದಳು.

“ನನ್ನ ಮಗಳು ಹೋಗ್ತೇನಿ ಅಂದಾಳ್ರಿ.”

“ಎಲ್ಲಿಗೆ ಹೋಗಿದ್ದಾರಮ್ಮ? ಜೊತೆಗೆ ಯಾರಾದರೂ ಇದ್ದಾರಾ?”

“ಎಲ್ಲಿಗೂ ಹೋಗಿಲ್ರಿ ಯವ್ವಾ, ಒಳಗೇ ಅದಾಳ. ನಾವು ಫೋನ್ ಇಡೋ ಮುಂದ ಸೈತ ಬರ್ತೇನಿ ಅಂತೀವ್ರಿ. ಹೋಗ್ತೇನಿ ಅಂತ ಜೀವಂತ ಮನುಷ್ಯಾರು ಅನ್ನಂಗಿಲ್ಲ.”

ಆ ಕಡೆ ಹುಡುಗಿಯ ದನಿಯೇ ಬದಲಾಯಿತು. ಊರು, ಮನೆಯ ಗುರುತು ಕೇಳಿಕೊಂಡು, ಆಳಂದದಿಂದ ಆಂಬುಲೆನ್ಸ್ ಕಳಿಸುತ್ತೇನೆ, ಫೋನು ಇಡಬೇಡಿ, ಕದ ನೂಕಿ ಒಳಗೆ ಹೋಗಿ, ಅವಳನ್ನು ಒಬ್ಬಳನ್ನೇ ಬಿಡಬೇಡಿ ಎಂದಳು.

ಕುಲಸುಮಬಿ ಹೆಗಲು ಕೊಟ್ಟಳು. ಕದ ಒಂದು ಗೇಣು ಸರಿದು ನಿಂತಿತು. ಅಗಳಿ ಹಾಕಿರಲೇ ಇಲ್ಲ. ಕದಕ್ಕೆ ಬೆನ್ನು ಕೊಟ್ಟು ಪಂಚಶೀಲಾ ಕೂತಿದ್ದಳು.

“ನೂಕಬ್ಯಾಡ ಯವ್ವಾ,” ಎಂದಳು ಮೆಲ್ಲಗೆ. “ಇನ್ನಾ ಹಾಲ ಬರಾಕತ್ತಾವ. ಯಾರಿಗಿ ಕುಡಸ್ಲಿ?”

ಮಾತಾಡಿಸುತ್ತಾ ಇರಿ ಅಮ್ಮ, ಮಾತಾಡಿಸುತ್ತಾ ಇರಿ ಎಂದು ಫೋನಿನ ಹುಡುಗಿ ಅನ್ನುತ್ತಲೇ ಇದ್ದಳು. ಏನಂತ ಮಾತಾಡಿಸುವುದು? ಮಲ್ಕಮ್ಮ ಸಂದಿಯೊಳಗೆ ಕೈ ತೂರಿಸಿ ತಡಕಾಡಿದಳು. ತೊಯ್ದ ಕುಬಸ, ಅದರ ತೋಳು ಸಿಕ್ಕಿತು. ಮುಷ್ಟಿ ಬಿಗಿದಳು. ಮಗಳು ಕೊಸರಲಿಲ್ಲ, ಹೊರಳಿಯೂ ನೋಡಲಿಲ್ಲ.

ಗಾಡಿಗೆ ದಾರಿ ತೋರಿಸಲು ಕುಲಸುಮಬಿ ರಸ್ತೆಗೆ ಓಡಿದಳು. ಕೈ ಜೋಮು ಹಿಡಿಯುತ್ತ ಬಂದರೂ ಮಲ್ಕಮ್ಮ ಆ ತೋಳು ಬಿಡಲಿಲ್ಲ.